ಹಳೆಯ ನಕ್ಷೆ ಕ್ಯಾಡ್‌ಗೆ: ಗೆರೆಗಿಂತ ಅಂಕಿಯನ್ನು ನಂಬಿ

ಅಜ್ಜನ ಕಾಲದ ಮನೆಯ ಪ್ಲಾನು, ಜಮೀನಿನ ಟಿಪ್ಪಣಿ, ಮೇಸ್ತ್ರಿ ಪೆನ್ಸಿಲಿನಲ್ಲಿ ಬರೆದುಕೊಟ್ಟ ಕೈನಕ್ಷೆ. ಇವನ್ನೆಲ್ಲ ಸ್ಕ್ಯಾನ್ ಮಾಡಿ ಕ್ಯಾಡ್ ಡ್ರಾಯಿಂಗ್ ಆಗಿಸುವುದನ್ನು ಹಲವರು ಬರೀ ಟ್ರೇಸಿಂಗ್ ಅಂದುಕೊಳ್ಳುತ್ತಾರೆ. ಆದರೆ ನೀವು ಕೊಟ್ಟ ಡ್ರಾಯಿಂಗ್ ನೋಡಿ ಒಬ್ಬರು ಪಾಯ ತೋಡುತ್ತಾರೆ, ಇನ್ನೊಬ್ಬರು ಮನೆ ಪಾಲು ಮಾಡಿಕೊಳ್ಳುತ್ತಾರೆ. ಹಾಗಾಗಿ ಈ ಸೂತ್ರಗಳು.

1. ಮೊಬೈಲ್ ಫೋಟೊ ಒಪ್ಪಬೇಡಿ. ಅದರಲ್ಲಿ ಹಾಳೆ ಓರೆಯಾಗುತ್ತದೆ, ಅಂಚಿನ ಗೆರೆಗಳು ಬಾಗುತ್ತವೆ. ಸ್ಕ್ಯಾನರ್‌ನಲ್ಲಿ ಕನಿಷ್ಠ 300 ಡಿಪಿಐ ಇರಲಿ. ಮಾಸಿದ ಅಮೋನಿಯಾ ಪ್ರಿಂಟಾದರೆ 600, ಅದೂ ಬಣ್ಣದಲ್ಲೇ. ಟಿಫ್ ಫೈಲಾಗಿ ಉಳಿಸಿ. ಜೆಪೆಗ್‌ನಲ್ಲಿ ಗೆರೆಯ ಸುತ್ತ ಕೊಳೆ ಕೂರುತ್ತದೆ.

2. ಪಿಡಿಎಫ್ ಬಂದರೆ ಮೊದಲು ಜೂಮ್ ಮಾಡಿ. ಎಷ್ಟು ಹಿಗ್ಗಿಸಿದರೂ ಗೆರೆ ಚೂಪಾಗಿಯೇ ಇದ್ದರೆ ಅದು ಸ್ಕ್ಯಾನ್ ಅಲ್ಲ, ವೆಕ್ಟರ್. ಆಟೋಕ್ಯಾಡ್ 2017ರಿಂದೀಚೆಗೆ ಅದನ್ನು ನೇರವಾಗಿ ಇಂಪೋರ್ಟ್ ಮಾಡಬಹುದು.

3. ಹಾಳೆಯ ಮೇಲಿನ ಸ್ಕೇಲನ್ನು ಅರ್ಥಮಾಡಿಕೊಳ್ಳಿ, ಅದರ ಮೇಲೆ ಭಾರ ಹಾಕಬೇಡಿ. ಹಲವು ಹಳೆಯ ಪ್ಲಾನುಗಳಲ್ಲಿ ಕಾಲಂಗುಲಕ್ಕೆ ಒಂದಡಿ ಲೆಕ್ಕ, ಅಂದರೆ 1:48. ಅದನ್ನು 1:50 ಎಂದುಕೊಂಡರೆ 40 ಅಡಿಯ ಗೋಡೆ 41 ಅಡಿ 8 ಅಂಗುಲ ಆಗುತ್ತದೆ! ಜೊತೆಗೆ ಕಾಗದ ಕುಗ್ಗಿರುತ್ತದೆ, ಜೆರಾಕ್ಸ್ ಇನ್ನಷ್ಟು ಎಳೆದಿರುತ್ತದೆ. ಅಳತೆ ಬರೆದಿರುವ ಅತಿ ಉದ್ದದ ಗೆರೆ ಹಿಡಿದು ಸ್ಕೇಲ್ ಕಮಾಂಡಿನ ರೆಫರೆನ್ಸ್ ಬಳಸಿ. ಆಮೇಲೆ ಅಡ್ಡ ದಿಕ್ಕಿನ ಒಂದು ಅಳತೆಯನ್ನೂ ನೋಡಿ, ಏಕೆಂದರೆ ಕಾಗದ ಎರಡೂ ಕಡೆ ಸಮನಾಗಿ ಕುಗ್ಗುವುದಿಲ್ಲ.

4. ಜಮೀನಿನ ನಕ್ಷೆಯಾದರೆ ಗೆರೆಯನ್ನು ಟ್ರೇಸ್ ಮಾಡಲೇಬೇಡಿ. ಗ್ರಾಮನಕ್ಷೆಯಲ್ಲಿ ಸಾಮಾನ್ಯವಾಗಿ ಒಂದು ಅಂಗುಲಕ್ಕೆ 660 ಅಡಿ, ಅಂದರೆ 1:7920. ಅಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಶಾಯಿಗೆರೆ ಹೊಲದಲ್ಲಿ ಸುಮಾರು 4 ಮೀಟರ್ ಅಗಲ. ಗೆರೆಯ ಎಡಬದಿಯೋ ಬಲಬದಿಯೋ ಎಂಬುದರ ಮೇಲೆ ಒಂದು ಬಂಡಿದಾರಿಯೇ ಬರುತ್ತದೆ ಅಥವಾ ಹೋಗುತ್ತದೆ. ಟಿಪ್ಪಣಿ ಪ್ರತಿ ತರಿಸಿ, ಅದರಲ್ಲಿ ಬರೆದ ಅಳತೆಗಳಿಂದಲೇ ಗಡಿ ಎಳೆಯಿರಿ. ಸ್ಕ್ಯಾನ್ ಕೆಳಗೆ ಸಾಕ್ಷಿಯಾಗಿ ಇರಲಿ, ಅಷ್ಟೇ.

ಇಲ್ಲೊಂದು ದೊಡ್ಡ ಗುಂಡಿಯಿದೆ. ಗಂಟರ್ ಸರಪಳಿ 66 ಅಡಿ, 100 ಲಿಂಕು. ಹಳೆಯ ಮೈಸೂರು, ಮುಂಬೈ ಪ್ರಾಂತ್ಯದ ಅಳತೆಯಲ್ಲಿ 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಯಾವುದೆಂದು ತಿಳಿಯದೆ ಎಳೆದರೆ ಉದ್ದ ಎರಡರಷ್ಟಾಗಿ ವಿಸ್ತೀರ್ಣ ನಾಲ್ಕರಷ್ಟಾದೀತು. ಕೈಬರಹದ ಕನ್ನಡ ಅಂಕಿಗಳಲ್ಲಿ ೬ ಮತ್ತು ೯ ಅದಲುಬದಲಾಗುವುದೂ ಮಾಮೂಲು. ಇವೆರಡನ್ನೂ ಹಿಡಿಯಲು ಒಂದೇ ದಾರಿ: ಗಡಿಯನ್ನು ಮುಚ್ಚಿದ ಪಾಲಿಲೈನ್ ಮಾಡಿ, ವಿಸ್ತೀರ್ಣ ತೆಗೆದು, 1,089 ಚದರಡಿಗೆ ಒಂದು ಗುಂಟೆಯಂತೆ ಲೆಕ್ಕ ಹಾಕಿ, ಖರಾಬು (ಸಾಗುವಳಿಗೆ ಬಾರದ ಜಾಗ) ಸೇರಿದ ಆಕಾರಬಂದ್ ದಾಖಲೆಯ ವಿಸ್ತೀರ್ಣದೊಂದಿಗೆ ತಾಳೆ ನೋಡುವುದು. ಇಷ್ಟೆಲ್ಲ ಮಾಡಿದರೂ ಅದು ಸರ್ವೆ ಇಲಾಖೆಯ ದಾಖಲೆಗೆ ಬದಲಿಯಲ್ಲ. ಈ ಮಾತನ್ನು ಡ್ರಾಯಿಂಗಿನ ಮೇಲೇ ಬರೆಯಿರಿ.

5. ಒಂದೇ ಕ್ಲಿಕ್ಕಿನಲ್ಲಿ ವೆಕ್ಟರ್ ಮಾಡುವ ಸಾಫ್ಟ್‌ವೇರಿಗೆ ಮನೆಯ ಪ್ಲಾನು ಒಪ್ಪಿಸಬೇಡಿ. ದಪ್ಪ ಗೆರೆ ಎರಡು ಗೆರೆಯಾಗುತ್ತದೆ, ಅಕ್ಷರಗಳು ನೂರು ತುಂಡಾಗುತ್ತವೆ, ನೇರ ಗೋಡೆ ಹಾವಿನಂತೆ ಹರಿಯುತ್ತದೆ. ಅದನ್ನು ಸರಿಪಡಿಸುವುದಕ್ಕಿಂತ ಹೊಸದಾಗಿ ಎಳೆಯುವುದು ಬೇಗ. ಕಾಂಟೂರ್ ಗೆರೆ, ಕೆರೆಯ ಅಂಚಿನಂಥವಕ್ಕೆ ಧಾರಾಳವಾಗಿ ಬಳಸಿ, ಸೆಂಟರ್‌ಲೈನ್ ಆಯ್ಕೆ ಇಟ್ಟುಕೊಂಡು.

6. ಕೂಡಿ ನೋಡಿ. ಕೋಣೆಗಳ ಒಳ ಅಳತೆ, 9 ಅಂಗುಲದ ಗೋಡೆ, ನಾಲ್ಕೂವರೆ ಅಂಗುಲದ ಗೋಡೆ ಎಲ್ಲ ಸೇರಿ ಹೊರ ಅಳತೆಗೆ ಸಮವಾಗಬೇಕು. ಆಗದಿದ್ದರೆ ಕೊರತೆಯನ್ನು ಅಲ್ಲಲ್ಲಿ ಹಂಚಿ ಮುಚ್ಚಿಹಾಕುವುದು ಈ ಕಸುಬಿನ ಅತಿ ಕೆಟ್ಟ ಚಾಳಿ. ಅನುಮಾನದ ಅಳತೆಗೆ ಕೆಂಪು ಲೇಯರ್ ಮಾಡಿ, ಅಲ್ಲೇ ಗುರುತು ಹಾಕಿ, ಟೇಪು ಹಿಡಿದು ಸ್ಥಳಕ್ಕೆ ಹೋಗಿ.

7. ಗೋಡೆ, ಬಾಗಿಲು, ಅಳತೆ, ಬರಹ, ಸ್ಕ್ಯಾನ್: ಒಂದೊಂದಕ್ಕೂ ಬೇರೆ ಲೇಯರ್. ಕನ್ನಡ ಬರಹಕ್ಕೆ ಯೂನಿಕೋಡ್ ಫಾಂಟ್ ಮಾತ್ರ.

8. ಆಟೋಕ್ಯಾಡ್‌ನಲ್ಲಿ ಸ್ಕ್ಯಾನ್ ಚಿತ್ರ ಡಿಡಬ್ಲ್ಯುಜಿ ಫೈಲಿನೊಳಗೆ ಇರುವುದಿಲ್ಲ, ಹೊರಗಿನಿಂದ ಕೊಂಡಿಯಾಗಿರುತ್ತದೆ. ಫೈಲ್ ಒಂದನ್ನೇ ಕಳಿಸಿದರೆ ಆ ಕಡೆಯವರಿಗೆ ಚಿತ್ರವೇ ಕಾಣದು. ಟಿಫ್, ಡಿಡಬ್ಲ್ಯುಜಿ, ಲಿಬ್ರೆಕ್ಯಾಡ್‌ನವರಿಗೂ ತೆರೆಯಲು ಬರುವಂತೆ ಒಂದು ಡಿಎಕ್ಸ್‌ಎಫ್, ಅನುಮಾನದ ಅಳತೆಗಳ ಪಟ್ಟಿ, ನಾಲ್ಕನ್ನೂ ಒಂದೇ ಫೋಲ್ಡರಿನಲ್ಲಿ ಕೊಡಿ. ಮೂಲ ಹಾಳೆಯನ್ನು ಮಡಿಸದೆ ಸುರುಳಿ ಸುತ್ತಿ ಹಿಂದಿರುಗಿಸಿ.