ಜ್ವರ ನೋಡಬೇಡಿ, ತಾರೀಖು ನೋಡಿ

ದುಡಿಯಲು ಪುಣೆ, ಗೋವಾ, ಸೊಲ್ಲಾಪುರಕ್ಕೆ ಹೋದವನು ಜಾತ್ರೆಗೆಂದು ಊರಿಗೆ ಬಂದಿರುತ್ತಾನೆ. ಅಸುರಕ್ಷಿತ ಲೈಂಗಿಕ ಸಂಪರ್ಕವಾದ ಮೂರನೇ ವಾರಕ್ಕೆ ಮೈ ಬಿಸಿ, ಗಂಟಲು ಕೆರೆತ, ಎದೆಯ ಮೇಲೆ ನಾಲ್ಕು ಕೆಂಪು ಗುಳ್ಳೆ. ಮನೆಮಂದಿ ಮಲಗಿದ ಮೇಲೆ ಮೊಬೈಲ್‌ನಲ್ಲಿ ಎಚ್‌ಐವಿ ಲಕ್ಷಣ ಹುಡುಕುತ್ತಾನೆ. ಪಟ್ಟಿಯಲ್ಲಿರುವುದೆಲ್ಲ ತನ್ನ ಮೈಯಲ್ಲೇ ಇದೆ ಅನಿಸುತ್ತದೆ. ಕುತ್ತಿಗೆಯ ಗಂಟು ಮುಟ್ಟಿ ನೋಡುವುದು ಶುರುವಾಗುತ್ತದೆ. ಒತ್ತಿ ಒತ್ತಿ ಅದು ನೋಯತೊಡಗುತ್ತದೆ, ಆ ನೋವೇ ಅವನಿಗೆ ಸಾಕ್ಷಿಯಾಗುತ್ತದೆ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಈ ಭಯವನ್ನು ಯಾರಿಗೂ ಹೇಳದೆ ಹೊತ್ತು ತಿರುಗುವ ಗಂಡಸರಿದ್ದಾರೆ, ಹೆಂಗಸರೂ ಇದ್ದಾರೆ. ಒಂದು ಕಾಲಕ್ಕೆ ರಾಜ್ಯದಲ್ಲಿ ಎಚ್‌ಐವಿ ಹೆಚ್ಚಿದ್ದ ಸೀಮೆ ಇದು. ಕಾಯಿಲೆಯ ಹೆಸರು ಕೇಳಿದೊಡನೆ ಹಿರಿಯರಿಗೆ ಆಗ ಕಂಡ ಸಾವುಗಳೇ ನೆನಪಾಗುತ್ತವೆ. ಈಗ ಪರೀಕ್ಷೆ, ಔಷಧ ಎರಡೂ ಬದಲಾಗಿವೆ. ಹೀಗಾಗಿ ಲಕ್ಷಣ ಎಣಿಸುತ್ತ ಕೂರಬೇಡಿ. ಸಂಪರ್ಕವಾದ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ಮುಂದಿನದೆಲ್ಲ ಆ ತಾರೀಖಿನ ಮೇಲೆ ನಿಂತಿದೆ.

ಇನ್ನೂ ಮೂರು ದಿನ ಆಗಿಲ್ಲವೇ?

ಹಾಗಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೊರಡಿ. ವೈರಸ್ ಮೈಯಲ್ಲಿ ನೆಲೆಯೂರದಂತೆ ತಡೆಯಲು ‘ಪೆಪ್’ ಎಂಬ ಔಷಧವಿದೆ. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. 72 ಗಂಟೆ ಕಳೆದ ಮೇಲೆ ಅದನ್ನು ಕೊಡುವುದಿಲ್ಲ. ಭಾನುವಾರ ರಾತ್ರಿ ಹತ್ತಕ್ಕೆ ಘಟನೆಯಾಗಿದ್ದರೆ ಬುಧವಾರ ರಾತ್ರಿ ಹತ್ತಕ್ಕೆ ಗಡುವು ಮುಗಿಯಿತು. ಒಟ್ಟು 28 ದಿನ ತಪ್ಪದೆ ನುಂಗಬೇಕು.

ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕೇಳಿ. ಅಲ್ಲಿ ಆಗದಿದ್ದರೆ ವಿಜಯಪುರ ಜಿಲ್ಲಾ ಆಸ್ಪತ್ರೆಯಲ್ಲಿ ಎಚ್‌ಐವಿ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರಕ್ಕೆ ಹೋಗಿ. ನಾಲ್ಕೂ ಊರುಗಳಲ್ಲಿ ಮುದ್ದೇಬಿಹಾಳದವರಿಗೇ ದಾರಿ ಹೆಚ್ಚು, ಅವರು ಬೆಳಗಿನ ಬಸ್ಸನ್ನೇ ಹಿಡಿಯಲಿ. ಸರ್ಕಾರಿ ವ್ಯವಸ್ಥೆಯಲ್ಲಿ ಈ ಔಷಧ ಮುಖ್ಯವಾಗಿ ಸೂಜಿ ಚುಚ್ಚಿಕೊಂಡ ಆರೋಗ್ಯ ಸಿಬ್ಬಂದಿಗೆ ಮತ್ತು ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ಮೀಸಲು. ಉಳಿದವರ ವಿಷಯದಲ್ಲಿ ವೈದ್ಯರು ಅಪಾಯ ಎಷ್ಟೆಂದು ನೋಡಿ ತೀರ್ಮಾನಿಸುತ್ತಾರೆ, ಹೊರಗೆ ಕೊಳ್ಳಬೇಕಾಗಲೂಬಹುದು. ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ತಂದು ನುಂಗಬೇಡಿ. ಶುರು ಮಾಡುವ ಹೊತ್ತಿಗೆ ಎಚ್‌ಐವಿ, ಕಾಮಾಲೆ ಬಿ, ಮೂತ್ರಪಿಂಡದ ರಕ್ತಪರೀಕ್ಷೆಗಳನ್ನು ಮಾಡಿಸುತ್ತಾರೆ.

ದೌರ್ಜನ್ಯವಾಗಿದ್ದರೆ ಯಾವ ಆಸ್ಪತ್ರೆಯೂ, ಖಾಸಗಿಯದೂ ಸೇರಿ, ಉಚಿತವಾಗಿ ಪ್ರಥಮ ಚಿಕಿತ್ಸೆ ಕೊಡಲೇಬೇಕು. ಇದು ಕಾನೂನು. ಹೆಣ್ಣುಮಕ್ಕಳು ಗರ್ಭ ತಡೆಯುವ ತುರ್ತು ಮಾತ್ರೆಯನ್ನೂ ಅದೇ ಹೊತ್ತಿಗೆ ಕೇಳಿ ಪಡೆಯಬೇಕು.

ಲಕ್ಷಣ ಏನು ಹೇಳುತ್ತದೆ?

ಸೋಂಕು ತಗುಲಿದವರಲ್ಲಿ ಹಲವರಿಗೆ ಎರಡರಿಂದ ನಾಲ್ಕು ವಾರದೊಳಗೆ ಜ್ವರ, ಗಂಟಲು ನೋವು, ಮೈಕೈ ನೋವು, ಗುಳ್ಳೆ, ಗಂಟು ಕಾಣಿಸಿಕೊಂಡು ತಾವಾಗಿಯೇ ಹೋಗುತ್ತವೆ. ಹಲವರಿಗೆ ಏನೂ ಆಗುವುದಿಲ್ಲ. ಡೆಂಗಿ, ಚಿಕೂನ್‌ಗುನ್ಯಾ, ಟೈಫಾಯಿಡ್, ಸಾದಾ ನೆಗಡಿಗಳಲ್ಲೂ ಹೆಚ್ಚುಕಡಿಮೆ ಇವೇ ಬರುತ್ತವೆ. ಭಯವೂ ತನ್ನ ಪಾಲು ಸೇರಿಸುತ್ತದೆ: ನಿದ್ದೆ ಬಾರದು, ರಾತ್ರಿ ಬೆವರು, ಪದೇ ಪದೇ ಬಯಲಿಗೆ ಓಟ, ಅಂಗೈ ಜುಮುಜುಮು, ಊಟ ಸೇರದೆ ತೂಕ ಇಳಿಕೆ. ಆದ್ದರಿಂದ ಜ್ವರ ಬಂತೆಂದು ಎಚ್‌ಐವಿ ಇದೆ ಎನ್ನುವಂತಿಲ್ಲ, ಬರಲಿಲ್ಲವೆಂದು ಇಲ್ಲ ಎನ್ನುವಂತೆಯೂ ಇಲ್ಲ. ಜ್ವರಕ್ಕೆ ಜ್ವರದ ಚಿಕಿತ್ಸೆಯನ್ನೇ ಮಾಡಿಸಿ. ಹೆದರಿಕೆಯಲ್ಲಿ ಡೆಂಗಿ ಪರೀಕ್ಷೆ ತಪ್ಪಿಸಿಕೊಳ್ಳುವುದು ದೊಡ್ಡ ಅಪಾಯ.

ಅಪಾಯದ ಅಳತೆಯನ್ನೂ ತಿಳಿದಿರಿ. ಸೋಂಕಿದ್ದು ಚಿಕಿತ್ಸೆ ಪಡೆಯದವರೊಂದಿಗೆ ಕಾಂಡೋಮ್ ಇಲ್ಲದೆ ಒಮ್ಮೆ ಯೋನಿ ಸಂಭೋಗವಾದರೆ ಗಂಡಸಿಗೆ ತಗಲುವ ಸಂಭವ 10,000ಕ್ಕೆ ಸುಮಾರು 4, ಹೆಂಗಸಿಗೆ ಸುಮಾರು 8. ಗುದ ಸಂಭೋಗದಲ್ಲಿ ಸ್ವೀಕರಿಸುವವರಿಗೆ ಸುಮಾರು 138. ಜನನಾಂಗದಲ್ಲಿ ಹುಣ್ಣಿದ್ದರೆ ಅಪಾಯ ಏರುತ್ತದೆ. ಮುತ್ತು, ಒಂದೇ ತಾಟಿನ ಊಟ, ಸೊಳ್ಳೆ, ಇವುಗಳಿಂದ ಹರಡುವುದಿಲ್ಲ. ಸಂಖ್ಯೆ ಚಿಕ್ಕದೆಂದು ಪರೀಕ್ಷೆ ಬಿಡಬೇಡಿ. ರಾತ್ರಿ ನಿದ್ದೆ ಮಾಡಲು ಮಾತ್ರ ಅದನ್ನು ನೆನೆಯಿರಿ.

ಪರೀಕ್ಷೆ ಯಾವಾಗ, ಎಲ್ಲಿ?

ಮರುದಿನವೇ ಓಡಿಹೋಗಿ ಪರೀಕ್ಷೆ ಮಾಡಿಸಿದರೆ ಸಿಗುವುದು ಹಳೆಯ ಸಂಗತಿಯ ಉತ್ತರ, ಹೊಸದರದ್ದಲ್ಲ. ಸೋಂಕು ರಕ್ತದಲ್ಲಿ ಸಿಕ್ಕಿಬೀಳಲು ಸಮಯ ಬೇಕು. ಪ್ರಯೋಗಾಲಯದಲ್ಲಿ ಮಾಡುವ ನಾಲ್ಕನೇ ತಲೆಮಾರಿನ ಪರೀಕ್ಷೆ 45 ದಿನಕ್ಕೆ ಭರವಸೆಯ ಉತ್ತರ ಕೊಡುತ್ತದೆ. ಬೆರಳ ಹನಿಯ ರ‍್ಯಾಪಿಡ್ ಕಿಟ್‌ಗೆ 90 ದಿನ ಹಿಡಿಯಿರಿ. 45 ದಿನ ತುಂಬಿದ ಮೇಲೊಮ್ಮೆ, ಮೂರು ತಿಂಗಳಿಗೆ ಕೊನೆಯದಾಗಿ ಒಮ್ಮೆ ಮಾಡಿಸಿದರೆ ಸಾಕು. ಪೆಪ್ ತೆಗೆದುಕೊಂಡವರಿಗೆ ಲೆಕ್ಕ ಬೇರೆ, ವೈದ್ಯರು ಕೊಟ್ಟ ತಾರೀಖನ್ನೇ ಪಾಲಿಸಿ.

ತಾಲ್ಲೂಕು ಆಸ್ಪತ್ರೆಯಲ್ಲಿ ಐಸಿಟಿಸಿ, ಅಂದರೆ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ ಎಲ್ಲಿದೆ ಎಂದು ಕೇಳಿ. ಪರೀಕ್ಷೆಗೆ ದುಡ್ಡಿಲ್ಲ. ‘ಯಾರರ ನೋಡ್ಯಾರು’ ಎಂಬ ಅಳುಕಿದ್ದರೆ ಇಂಡಿಯವರು ಸಿಂದಗಿಗೆ ಹೋಗಬಹುದು, ಬಾಗೇವಾಡಿಯವರು ವಿಜಯಪುರಕ್ಕೆ. ನಿಮ್ಮ ತಾಲ್ಲೂಕಿನಲ್ಲೇ ಮಾಡಿಸಬೇಕೆಂಬ ಕಟ್ಟಳೆ ಇಲ್ಲ.

ಒಳಗೆ ಮೊದಲು ಆಪ್ತಸಮಾಲೋಚಕರು ಮಾತಾಡಿಸುತ್ತಾರೆ. ಯಾವಾಗ ಆಯಿತು, ಕಾಂಡೋಮ್ ಇತ್ತೇ ಎಂದು ಕೇಳುತ್ತಾರೆ. ಇದ್ದದ್ದನ್ನು ಇದ್ದಂತೆ ಹೇಳಿ. ತಾರೀಖು ಮುಚ್ಚಿಟ್ಟರೆ ಫಲಿತಾಂಶಕ್ಕೆ ಅರ್ಥವೇ ಇರುವುದಿಲ್ಲ. ನಿಮ್ಮ ಒಪ್ಪಿಗೆ ಪಡೆದ ಮೇಲೆಯೇ ರಕ್ತ ತೆಗೆಯುತ್ತಾರೆ. ಕಿಟ್ ಎಂದರೆ ಬೆರಳುದ್ದದ ಬಿಳಿ ಪ್ಲಾಸ್ಟಿಕ್ ಪಟ್ಟಿ. ಹನಿ ಬಿಟ್ಟ ಸ್ವಲ್ಪ ಹೊತ್ತಿಗೆ ಅದರಲ್ಲಿ ಗೆರೆ ಮೂಡುತ್ತದೆ. ಮೇಲಿನ ಒಂದೇ ಗೆರೆ ಮೂಡಿದರೆ ಕಿಟ್ ಸರಿಯಾಗಿ ಕೆಲಸ ಮಾಡಿದೆ, ಸೋಂಕಿನ ಗುರುತು ಸಿಕ್ಕಿಲ್ಲ ಎಂದು. ಇನ್ನೊಂದು ಗೆರೆಯೂ ಮೂಡಿದರೂ ಅಷ್ಟಕ್ಕೇ ಪಾಸಿಟಿವ್ ಎನ್ನುವುದಿಲ್ಲ. ಬೇರೆ ಬೇರೆ ಬಗೆಯ ಮೂರು ಕಿಟ್‌ಗಳಲ್ಲಿ ನೋಡಿ ಖಚಿತಪಡಿಸುತ್ತಾರೆ. ಮನೆಯಲ್ಲಿ ಒಂದೇ ಪಟ್ಟಿ ನೋಡಿ ಎದೆಯೊಡೆದುಕೊಳ್ಳುವವರು ಇದನ್ನು ತಿಳಿದಿರಬೇಕು.

ಒಪ್ಪಿಗೆಯಿಲ್ಲದೆ ಪರೀಕ್ಷಿಸುವಂತಿಲ್ಲ, ಫಲಿತಾಂಶ ಬಹಿರಂಗಪಡಿಸುವಂತಿಲ್ಲ ಎಂದು ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ-2017 ಹೇಳುತ್ತದೆ. ಅದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಮೊದಲು ಫೋನಿನಲ್ಲಿ ಕೇಳಬೇಕೆನಿಸಿದರೆ 1097ಕ್ಕೆ ಕರೆ ಮಾಡಿ, ಉಚಿತ. ಹುಣ್ಣು, ಸ್ರಾವ, ಉರಿಮೂತ್ರ ಇದ್ದರೆ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ಗೂ ತೋರಿಸಿ. ಸಿಫಿಲಿಸ್, ಗೊನೊರಿಯಾಗಳಿಗೆ ಮದ್ದಿದೆ, ಬಿಟ್ಟರೆ ಉಲ್ಬಣಿಸುತ್ತವೆ.

ಕಾಯುವ ದಿನಗಳಲ್ಲಿ

ಕೊನೆಯ ಪರೀಕ್ಷೆ ಆಗುವವರೆಗೆ ಹೆಂಡತಿ, ಗಂಡ, ಯಾರೊಂದಿಗಾದರೂ ಕಾಂಡೋಮ್ ಬೇಕೇ ಬೇಕು. ‘ರಕ್ತ ಕೊಟ್ಟರೆ ಅವರೇ ಟೆಸ್ಟ್ ಮಾಡ್ತಾರಲ್ಲ’ ಎಂದು ಶಿಬಿರಕ್ಕೆ ಹೋಗುವವರಿದ್ದಾರೆ. ದಯವಿಟ್ಟು ಹೋಗಬೇಡಿ. ಹೊಸ ಸೋಂಕು ಆ ಪರೀಕ್ಷೆಗೂ ಕಾಣದೆ ನುಸುಳಿದರೆ ನಿಮ್ಮ ರಕ್ತ ಹೆರಿಗೆಯಲ್ಲಿ ಒದ್ದಾಡುವ ಹೆಣ್ಣುಮಗಳ ಮೈ ಸೇರೀತು. ಎಚ್‌ಐವಿ ಪೂರ್ತಿ ಗುಣ ಮಾಡುತ್ತೇವೆನ್ನುವ ಪುಡಿ, ಕಷಾಯದವರ ಹತ್ತಿರವೂ ಸುಳಿಯಬೇಡಿ. ಸಾಯುವ ಯೋಚನೆ ಬಂದರೆ ಆ ಕ್ಷಣವೇ ನಂಬುವ ಒಬ್ಬರಿಗೆ ಹೇಳಿ, 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಹಗಲು ರಾತ್ರಿ ಉಚಿತ.

ಫಲಿತಾಂಶ ಪಾಸಿಟಿವ್ ಆದರೆ ಐಸಿಟಿಸಿಯವರೇ ಎಆರ್‌ಟಿ ಕೇಂದ್ರಕ್ಕೆ ಕಳಿಸಿಕೊಡುತ್ತಾರೆ. ರೋಗ ಬಲಿಯಲೆಂದು ಕಾಯುವ ಪದ್ಧತಿ 2017ರಿಂದ ಇಲ್ಲ, ಎಲ್ಲರಿಗೂ ಚಿಕಿತ್ಸೆ. ಸಾಮಾನ್ಯವಾಗಿ ದಿನಕ್ಕೊಂದು ಮಾತ್ರೆ, ಅದೂ ಉಚಿತ. ತಪ್ಪದೆ ನುಂಗಿ ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದು, ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಮದುವೆ, ಮಕ್ಕಳು, ದುಡಿಮೆ, ಮುಪ್ಪು ಎಲ್ಲವೂ ಸಾಧ್ಯ.

ಮೂರು ತಿಂಗಳ ಪರೀಕ್ಷೆ ನೆಗೆಟಿವ್ ಬಂದು, ನಡುವೆ ಹೊಸ ಅಪಾಯ ಆಗಿರದಿದ್ದರೆ ವಿಷಯ ಮುಗಿಯಿತು. ಆದರೂ ತಿಂಗಳಿಗೊಮ್ಮೆ ಬೇರೆ ಬೇರೆ ಲ್ಯಾಬ್‌ಗೆ ಹೋಗಿ ಬೆರಳು ಕೊಡುತ್ತಿದ್ದರೆ ಚಿಕಿತ್ಸೆ ಬೇಕಿರುವುದು ಆತಂಕಕ್ಕೆ. ಅದೂ ಕಾಯಿಲೆಯೇ, ಅದಕ್ಕೂ ಔಷಧವಿದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದೆಂದು ಅಲ್ಲಿಯ ಕೌಂಟರ್‌ನಲ್ಲಿ ಕೇಳಿ, ಮುಂದಿನ ಪರೀಕ್ಷೆಗೆ ಎತ್ತಿಟ್ಟ ದಿನವನ್ನು ಅವರ ಭೇಟಿಗೆ ಇಟ್ಟುಕೊಳ್ಳಿ.