ಒಂದು ಮ್ಯಾಕ್‌ಬೆತ್, ಮೂರು ಸಿನಿಮಾ: ಹೋಲಿಸಿ ನೋಡುವುದು ಹೇಗೆ?

ನಾಟಕವನ್ನೂ ಅದರಿಂದ ಹುಟ್ಟಿದ ಸಿನಿಮಾಗಳನ್ನೂ ಹೋಲಿಸಿ ನೋಡುವ ಹವ್ಯಾಸ ದಕ್ಷಿಣ ಬೆಂಗಳೂರಿನವರಿಗೆ ಸುಲಭ. ಬನಶಂಕರಿ 2ನೇ ಹಂತದಲ್ಲಿ 1971ರಿಂದ ನಡೆದು ಬಂದಿರುವ ಸುಚಿತ್ರಾ ಫಿಲಂ ಸೊಸೈಟಿಯಿದೆ, ಜೆ.ಪಿ. ನಗರದಲ್ಲಿ ರಂಗಶಂಕರ ರಂಗಮಂದಿರ. ಸುಚಿತ್ರಾ ಇರುವ ರಸ್ತೆಗೆ ಬಿ.ವಿ. ಕಾರಂತರ ಹೆಸರು. ಮ್ಯಾಕ್‌ಬೆತ್‌ಗೆ ಯಕ್ಷಗಾನದ ಹೆಜ್ಜೆ ಕಲಿಸಿ, ಹಿಂದಿಯಲ್ಲಿ ‘ಬರ್ನಂ ವನ’ ಆಡಿಸಿದವರು ಅವರೇ. ನಾವೂ ಮ್ಯಾಕ್‌ಬೆತ್‌ನಿಂದಲೇ ಶುರುಮಾಡೋಣ.

ಹಂತ 1: ಮೊದಲು ನಾಟಕ ಓದಿ
ಷೇಕ್ಸ್‌ಪಿಯರನ ದುರಂತ ನಾಟಕಗಳಲ್ಲಿ ಇದೇ ಚಿಕ್ಕದು, ಒಂದು ಭಾನುವಾರ ಸಾಕು. ಡಿ.ವಿ.ಜಿ., ರಾಮಚಂದ್ರ ದೇವ ಇಬ್ಬರೂ ಇದನ್ನು ಕನ್ನಡಕ್ಕೆ ತಂದಿದ್ದಾರೆ. ಇದರ ರೂಪಾಂತರವಾದ ಎಚ್.ಎಸ್. ಶಿವಪ್ರಕಾಶರ ‘ಮಾರನಾಯಕನ ದೃಷ್ಟಾಂತ’ ಸಿಕ್ಕರೆ ಬಿಡಬೇಡಿ. ಹುಲುಗಪ್ಪ ಕಟ್ಟೀಮನಿ ಅದನ್ನು ಜೈಲಿನ ಕೈದಿಗಳಿಂದ ಆಡಿಸಿದ್ದರು. ರಂಗಶಂಕರದಲ್ಲಿ ಯಾವ ರೂಪದಲ್ಲಿ ಮ್ಯಾಕ್‌ಬೆತ್ ಬಂದರೂ ಹೋಗಿ. ತಡವಾದರೆ ಮಾತ್ರ ಒಳಗೆ ಬಿಡುವುದಿಲ್ಲ, ಟ್ರಾಫಿಕ್ಕಿನ ನೆಪ ಅಲ್ಲಿ ನಡೆಯದು.

ಹಂತ 2: ಮೂರೇ ಸಿನಿಮಾ ಆರಿಸಿ
ಕುರೊಸಾವಾನ ‘ಥ್ರೋನ್ ಆಫ್ ಬ್ಲಡ್’ (1957), ವಿಶಾಲ್ ಭಾರದ್ವಾಜ್ ಅವರ ‘ಮಕ್ಬೂಲ್’ (2003), ದಿಲೀಶ್ ಪೋತನ್ ಅವರ ಮಲಯಾಳಂ ‘ಜೋಜಿ’ (2021). ಪೊಲಾನ್‌ಸ್ಕಿ, ಜೋಯೆಲ್ ಕೊಯೆನ್ ಅವರ ಮ್ಯಾಕ್‌ಬೆತ್‌ಗಳು ಆಮೇಲಿರಲಿ. ಅವರದು ಮೂಲದ ಇಂಗ್ಲಿಷ್ ಮಾತುಗಳೇ ಆದ್ದರಿಂದ, ಹೊಸಬರು ಯಾವ ಸಾಲು ಉಳಿಯಿತು, ಯಾವುದು ಹೋಯಿತು ಎಂದು ಲೆಕ್ಕ ಹಾಕುತ್ತಾ ಕೂತುಬಿಡುತ್ತಾರೆ.

ಹಂತ 3: ಎರಡೇ ಪ್ರಶ್ನೆ ಕೇಳಿ
ಮೂಲಕ್ಕೆ ನಿಷ್ಠೆಯಿದೆಯೇ ಎಂಬ ಪ್ರಶ್ನೆ ಬೇಡ, ಅದರಿಂದ ಏನೂ ಹುಟ್ಟುವುದಿಲ್ಲ.

ಮೊದಲನೆಯದು: ನಾಯಕನನ್ನು ಕೊಲೆಗೆ ತಳ್ಳುವವಳು ಯಾರು? ಕುರೊಸಾವಾನಲ್ಲಿ ಹೆಂಡತಿ ಅಸಾಜಿ. ಅವಳ ಮುಖ ಜಪಾನಿನ ನೋ ನಾಟಕದ ಮುಖವಾಡದಂತೆ ಅಲುಗದು. ‘ಮಕ್ಬೂಲ್’ನಲ್ಲಿ ನಿಮ್ಮಿ (ಟಬು) ಹೆಂಡತಿಯಲ್ಲ, ಭೂಗತ ದೊರೆ ಅಬ್ಬಾಜಿ ಇಟ್ಟುಕೊಂಡವಳು. ಹಾಗಾಗಿ ಕೊಲೆಯ ಹಿಂದೆ ಗದ್ದುಗೆಯಷ್ಟೇ ಪ್ರೇಮವೂ ಇದೆ. ‘ಜೋಜಿ’ಯಲ್ಲಿ ನಾಯಕ ಜೋಜಿಯ ಅಣ್ಣನ ಹೆಂಡತಿ ಬಿನ್ಸಿ. ಅಪ್ಪನ ದರ್ಬಾರಿನಲ್ಲಿ ಅಡುಗೆಮನೆಗೆ ಅಂಟಿಹೋದ ಆಕೆ ಹೆಚ್ಚು ಮಾತಾಡುವುದೇ ಇಲ್ಲ. ಈ ಒಂದು ಸಂಬಂಧ ಬದಲಾದರೆ ಪಾಪದ ಪಾಲು ಹಂಚುವ ಲೆಕ್ಕವೇ ಬದಲಾಗುತ್ತದೆ.

ಎರಡನೆಯದು: ಕಾಡು ನಡೆಯುತ್ತದೆಯೇ? ನಾಟಕದಲ್ಲಿ ಸೈನಿಕರು ಕೊಂಬೆ ಹಿಡಿದು ಬರುತ್ತಾರೆ, ಆ ಸುದ್ದಿಯನ್ನು ದೂತ ತರುತ್ತಾನೆ. ಕುರೊಸಾವಾ ಮಂಜಿನಲ್ಲಿ ಮರಗಳನ್ನೇ ನಡೆಸುತ್ತಾನೆ. ಕಾಡು ಕದಲದೆ ತನಗೆ ಸೋಲಿಲ್ಲ ಎಂಬ ಭವಿಷ್ಯವನ್ನು ಸೈನಿಕರಿಗೆ ಧೈರ್ಯ ತುಂಬಲು ನಾಯಕ ತಾನೇ ಸಾರಿರುತ್ತಾನೆ. ಕಾಡು ಕದಲಿದ್ದೇ ತಡ, ಅವರ ಬಾಣಗಳೇ ಅವನತ್ತ ತಿರುಗುತ್ತವೆ. ನಾಟಕದಲ್ಲಿ ಕೊಲ್ಲುವವನು ವೈರಿ ಮ್ಯಾಕ್‌ಡಫ್, ಇಲ್ಲಿ ಸ್ವಂತದವರು. (ಕೊನೆ ಹೇಳಿಬಿಟ್ಟೆ ಎಂದು ಬೈಯಬೇಡಿ, ದುರಂತವನ್ನು ಕೊನೆ ಗೊತ್ತಿದ್ದೇ ನೋಡಬೇಕು.) ‘ಮಕ್ಬೂಲ್’ನಲ್ಲಿ ಕಾಡಿನ ಬದಲು ಸಮುದ್ರ, ನಾಟಕದಲ್ಲಿ ಭವಿಷ್ಯ ನುಡಿಯುವ ಮಾಟಗಾತಿಯರ ಬದಲು ಕುಂಡಲಿ ಬರೆಯುವ ಪೊಲೀಸರು. ‘ಜೋಜಿ’ಯಲ್ಲಿ ಮಾಟಗಾತಿಯರೇ ಇಲ್ಲ. ಅಂದರೆ ವಿಧಿಯನ್ನು ದೂರಲು ಜೋಜಿಗೆ ದಾರಿಯಿಲ್ಲ.

ಹಂತ 4: ಇನ್ನೊಮ್ಮೆ ನೋಡಿ, ಕಿವಿಯಿಂದ
ಅಸಾಜಿ ನಡೆದಾಗ ಕೇಳುವ ರೇಷ್ಮೆಯ ಸರಸರ ಗಮನಿಸಿ.

ಹಂತ 5: ತೀರ್ಪು ಬರೆಯಿರಿ
ಪ್ರತಿ ಸಿನಿಮಾಕ್ಕೆ ಒಂದೇ ವಾಕ್ಯ, ‘ಚೆನ್ನಾಗಿದೆ’ ಎಂಬ ಪದ ಬಳಸದೆ. ನನ್ನ ತೀರ್ಪು: ಕಣ್ಣಿಗೆ ಕುರೊಸಾವಾ ದೊಡ್ಡವನು, ಆದರೆ ಕೊಂದವನ ಮೇಲೂ ಕನಿಕರ ಹುಟ್ಟಿಸುವುದು ‘ಮಕ್ಬೂಲ್’ ಮಾತ್ರ. ಒಪ್ಪದಿದ್ದರೆ ನಿಮ್ಮ ಮೂರು ವಾಕ್ಯ ಬರೆದುಕೊಂಡು ಬನ್ನಿ, ವಾದ ಮಾಡೋಣ.