ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಅಕ್ಕನ ಮಗ ಮೂರು ದಿನ ಬಾನೆಟ್ ಎತ್ತಿಟ್ಟು ಲ್ಯಾಪ್‌ಟಾಪಿನಲ್ಲಿ ಪೆಟ್ರೋಲ್ ಕೋಷ್ಟಕ ತಿದ್ದುತ್ತಾ ಕೂತಿದ್ದ. ಎಂಜಿನ್ ಬಿಸಿಯಾದ ಮೇಲೂ ಕಪ್ಪು ಹೊಗೆ, ಪ್ಲಗ್ಗಿನ ತುಂಬ ಮಸಿ. ಎಂಜಿನ್ ನಡೆಸುವ ಕಂಪ್ಯೂಟರ್ ಅವನು ತಾನೇ ಬೆಸುಗೆ ಹಾಕಿ ಕಟ್ಟಿದ್ದ ಮೆಗಾಸ್ಕ್ವರ್ಟ್ ಇಸಿಯು. ಅಮೆರಿಕದ ಬೌಲಿಂಗ್ ಮತ್ತು ಗ್ರಿಪ್ಪೊ ರೂಪಿಸಿದ ಕಿಟ್. ನಾನು ಹೋಗಿ ಕೇಳಿದ್ದು ಒಂದೇ ಮಾತು: "ನೀರಿನ ತಾಪ ಎಷ್ಟು ತೋರಿಸ್ತಿದೆ?" ನಲವತ್ಮೂರು ಅಂದ. ರೇಡಿಯೇಟರ್ ಮುಟ್ಟಿದರೆ ಕೈ ಸುಡುತ್ತಿದೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಕೆಟ್ಟಿದ್ದು ಸೆನ್ಸರಿನ ಲೆಕ್ಕ, ಹುಡುಗ ಬರೆ ಎಳೆಯುತ್ತಿದ್ದದ್ದು ಪೆಟ್ರೋಲಿಗೆ.

ನೀವೂ ಹೀಗೆ ಮಾಡುವವರೇ ಅಂತ ನನಗೆ ಗೊತ್ತು. ಮನೆಯಲ್ಲೇ ಸೆನ್ಸರ್ ಮಾಡಿಕೊಳ್ಳುವುದು ಒಳ್ಳೆಯ ಹವ್ಯಾಸ, ಬೇಡ ಅನ್ನುವುದಿಲ್ಲ. ಆದರೆ ಅಂಗಡಿಯಲ್ಲಿ ಸಿಕ್ಕಿದ, ತಾಪ ಅಳೆಯುವ ಥರ್ಮಿಸ್ಟರ್ ಮಣಿಯನ್ನು ಸಿಕ್ಕಿಸಿ, ಇನ್ನೊಂದು ಸೆನ್ಸರಿನ ತಾಪದ ಕೋಷ್ಟಕವನ್ನು ಹಾಗೇ ಬಿಟ್ಟು ಗಾಡಿ ಓಡಿಸಬೇಡಿ.

ಲೆಕ್ಕ ಕಷ್ಟದ್ದಲ್ಲ, ಕೇಳಿ. ಥರ್ಮಿಸ್ಟರ್ ಮಣಿ ಬಿಸಿಯಾದಷ್ಟೂ ಅದರ ರೋಧ ಇಳಿಯುತ್ತದೆ. ಇಸಿಯು ಒಳಗಿನ 2,490 ಓಮಿನ ರೆಸಿಸ್ಟರ್ ಮೂಲಕ 5 ವೋಲ್ಟ್ ಕಳಿಸಿ, ಮಣಿಯ ತಲೆಯ ಮೇಲೆ ಎಷ್ಟು ವೋಲ್ಟ್ ಉಳಿಯಿತೆಂದು ಓದುತ್ತದೆ. ಮೆಗಾಸ್ಕ್ವರ್ಟಿನಲ್ಲಿ ಮೊದಲೇ ತುಂಬಿರುವುದು ಜನರಲ್ ಮೋಟರ್ಸ್ ಸೆನ್ಸರಿನ ಅಂಕಿ: 30 ಡಿಗ್ರಿಗೆ 2,238 ಓಮ್, 99 ಡಿಗ್ರಿಗೆ 177 ಓಮ್. ನಮ್ಮ ಹುಡುಗ ಹಾಕಿದ್ದು ಎಲ್ಲ ಕಡೆ ಸಿಗುವ ಹತ್ತು ಸಾವಿರ ಓಮಿನ ಮಣಿ. ಅದು 80 ಡಿಗ್ರಿಯಲ್ಲೂ ಸುಮಾರು 1,270 ಓಮ್ ಇರುತ್ತದೆ. ಹಳೆಯ ಕೋಷ್ಟಕಕ್ಕೆ ಅದು 43 ಡಿಗ್ರಿ. ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಇಸಿಯು ಪೆಟ್ರೋಲ್ ಸುರಿಯುತ್ತಲೇ ಇತ್ತು. ಅದರ ತಪ್ಪೇನು, ಹೇಳಿ?

ಹಾಗಾಗಿ ನಿಮ್ಮ ಮಣಿಯನ್ನು ನೀವೇ ಅಳೆಯಿರಿ. ಮೂರು ಬಿಂದು ಸಾಕು: ಮಂಜುಗಡ್ಡೆ, ಬೆಚ್ಚಗಿನ ನೀರು, ಕುದಿಯುವ ನೀರು. ಫ್ರೀಜರಿನಿಂದ ತೆಗೆದ ಗಡ್ಡೆಗೇ ಸೆನ್ಸರ್ ಒತ್ತಿ ಸೊನ್ನೆ ಡಿಗ್ರಿ ಅಂತ ಬರೆದುಕೊಳ್ಳುವವರನ್ನು ನೋಡಿದ್ದೇನೆ. ಆ ಗಡ್ಡೆ ಸೊನ್ನೆಗಿಂತ ಎಷ್ಟೋ ಕೆಳಗಿರುತ್ತದೆ. ಮಂಜನ್ನು ಜಜ್ಜಿ, ಸ್ವಲ್ಪ ನೀರು ಸೇರಿಸಿ, ಕಲಕುತ್ತಾ ಇರಿ. ಗಡ್ಡೆಯೂ ನೀರೂ ಕೂಡಿದ ಆ ಗೊಜ್ಜೇ ಸೊನ್ನೆ. ಮಲ್ಟಿಮೀಟರಿನ ಅಂಕಿ ಓಡಾಡುವುದು ನಿಲ್ಲುವತನಕ ಕಾಯಿರಿ. ತಾಳಿದವನು ಬಾಳಿಯಾನು ಅಂತ ಸುಮ್ಮನೆ ಹೇಳಿಲ್ಲ ನಮ್ಮವರು.

ಇನ್ನು ಕುದಿಯುವ ನೀರು. ಪುಸ್ತಕ ನೂರು ಅನ್ನುತ್ತದೆ, ನೀವು ಕಣ್ಣು ಮುಚ್ಚಿ ನೂರು ಬರೆಯುತ್ತೀರಿ. ಮಂಗಳೂರಿನಲ್ಲಿದ್ದರೆ ಬರೆಯಿರಿ, ಕಡಲ ಮಟ್ಟ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಕಡಿಮೆ. ಬೆಂಗಳೂರಿನಲ್ಲಿ ನೂರು ಅಂತ ಬರೆದಿರೋ, ಮೂರು ಡಿಗ್ರಿ ಸುಳ್ಳು ನುಸುಳಿತು ನೋಡಿ. ಪ್ರಯೋಗಾಲಯದ ಗಾಜಿನ ಥರ್ಮಾಮೀಟರ್ ಒಂದನ್ನು ಪಕ್ಕದಲ್ಲೇ ಇಳಿಬಿಡಿ. ಜ್ವರ ನೋಡುವ ಥರ್ಮಾಮೀಟರ್ ಹಾಕಿ ಒಡೆದುಕೊಳ್ಳಬೇಡಿ, ಅದರ ಅಂಕಿ 42ಕ್ಕೇ ಮುಗಿಯುತ್ತದೆ. ಸೆನ್ಸರ್ ಪಾತ್ರೆಯ ತಳಕ್ಕೆ ತಾಗಬಾರದು. ಅದರ ಕಾಲುಗಳಿಗೆ ಹೀಟ್‌ಶ್ರಿಂಕ್ ಹಾಕದೆ ನೀರಿಗೆ ಇಳಿಸಲೂಬಾರದು. ಬರಿಗಾಲು ನೀರಿಗೆ ತಾಗಿದರೆ ಮಣಿಯ ಜೊತೆ ನೀರನ್ನೂ ಸೇರಿಸಿ ಅಳೆದಂತಾಗುತ್ತದೆ.

ಬಿಸಿ ಕಡೆಯ ಅಂಕಿಗೆ ಹೆಚ್ಚು ಗಮನ ಕೊಡಿ ಅಂತ ಯಾಕೆ ಹೇಳುತ್ತೇನೆ ಗೊತ್ತೇ? ಆ ಜನರಲ್ ಮೋಟರ್ಸ್ ಸೆನ್ಸರನ್ನೇ ತಗೊಳ್ಳಿ. ಸೊನ್ನೆಯ ಹತ್ತಿರ ಒಂದು ಡಿಗ್ರಿಗೆ ಐನೂರು ಓಮಿನಷ್ಟು ವ್ಯತ್ಯಾಸ, ನೂರರ ಹತ್ತಿರ ಬರೀ ಐದು. ಅಲ್ಲಿ ಮೈಮರೆತರೆ ಹೋಯಿತು.

ಮಣಿಯನ್ನು ಕೂರಿಸುವ ವಿಚಾರ. ನೀರಿನ ಸೆನ್ಸರಿಗೆ ಹಿತ್ತಾಳೆ ಬೋಲ್ಟಿನಲ್ಲಿ ಆಚೆ ತೂರದ ಹಾಗೆ ತೂತು ಕೊರೆದು, ತಳಕ್ಕೆ ಮಣಿ ಮುಟ್ಟಿಸಿ, ಹೆಚ್ಚು ತಾಪ ತಡೆಯುವ ಎಪಾಕ್ಸಿ ತುಂಬಿ. ಮನೆಯ ಮೇಜು ಅಂಟಿಸುವ ಎಪಾಕ್ಸಿ ಎಂಜಿನ್ ಶಾಖಕ್ಕೆ ಮೆತ್ತಗಾಗುತ್ತದೆ. ಬೋಲ್ಟ್ ಹಾಕುವ ಆತುರಕ್ಕೆ ಬಿಸಿ ರೇಡಿಯೇಟರ್ ಮುಚ್ಚಳ ತಿರುಗಿಸಿದರೆ ನನ್ನ ಹತ್ತಿರ ಬೈಸಿಕೊಳ್ಳುತ್ತೀರಿ, ಆಸ್ಪತ್ರೆಯಲ್ಲೇ ಬಂದು ಬೈಯುತ್ತೇನೆ. ಎಂಜಿನ್ ಸೇದುವ ಗಾಳಿಯ ತಾಪ ಅಳೆಯುವ ಸೆನ್ಸರಿಗೆ ಈ ಬೋಲ್ಟ್ ಬೇಡ, ಮಣಿ ಗಾಳಿಗೆ ತೆರೆದಿರಲಿ. ಬಿಸಿ ಮ್ಯಾನಿಫೋಲ್ಡಿಗೆ ಅಂಟಿಸದೆ ಅದಕ್ಕಿಂತ ಮುಂಚಿನ ಪ್ಲಾಸ್ಟಿಕ್ ಕೊಳವೆಯಲ್ಲಿ ಕೂರಿಸಿ. ಹತ್ತು ಡಿಗ್ರಿ ತಪ್ಪು ಓದಿದರೆ ಗಾಳಿಯ ಲೆಕ್ಕ ಶೇಕಡಾ ಮೂರರಷ್ಟು ತಪ್ಪುತ್ತದೆ.

ಈಗ ವೈರು. ನಿಮ್ಮ ಜಿಪುಣತನವೆಲ್ಲ ಹೊರಗೆ ಬರುವುದು ಇಲ್ಲೇ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಒಂದು ಮೀಟರ್ ವೈರ್ ಉಳಿಸಲು ಸೆನ್ಸರಿನ ಗ್ರೌಂಡನ್ನು ಎಂಜಿನ್ ಮೈಗೇ ಕೊಟ್ಟುಬಿಡುತ್ತೀರಿ. ಎಂಜಿನ್ನಿಗೂ ಇಸಿಯುವಿಗೂ ಹತ್ತನೇ ಒಂದು ವೋಲ್ಟ್ ವ್ಯತ್ಯಾಸ ಬಂದರೂ, 99 ಡಿಗ್ರಿ ಇದ್ದದ್ದು 91ರಂತೆ ಕಾಣುತ್ತದೆ. ಎರಡೂ ವೈರು ಹೆಣೆದುಕೊಂಡು ಇಸಿಯುವಿಗೇ ಹೋಗಲಿ, ಇಗ್ನಿಷನ್ ಕಾಯಿಲಿನಿಂದ ದೂರ; ಗ್ರೌಂಡಿನ ವೈರು ಇಸಿಯುವಿನ ಸೆನ್ಸರ್ ಗ್ರೌಂಡಿಗೇ ಸೇರಲಿ. ನಡುಗುವ ಜಾಗದಲ್ಲಿ ಬರೀ ಬೆಸುಗೆ ನೆಚ್ಚಬೇಡಿ, ಒಳ್ಳೆಯ ಕ್ರಿಂಪ್ ಹಾಕಿ. ವೈರು ಕಿತ್ತುಬಂದರೆ ಇಸಿಯುವಿಗೆ ಪೂರ್ತಿ 5 ವೋಲ್ಟ್ ಕಾಣುತ್ತದೆ, ಅಂದರೆ ಹಿಮಾಲಯದ ಚಳಿ. ಮತ್ತೆ ಪೆಟ್ರೋಲ್ ಸುರಿಮಳೆ. ಎರಡು ವೈರು ಒಂದಕ್ಕೊಂದು ತಾಗಿದರೆ ತದ್ವಿರುದ್ಧ; ಎಂಜಿನ್ ಕಾದು ಕೆಂಡವಾಗಿದೆ ಅಂದುಕೊಳ್ಳುತ್ತದೆ, ಬೆಳಗಿನ ಚಳಿಗೆ ಸ್ಟಾರ್ಟೇ ಆಗುವುದಿಲ್ಲ.

ಮೂರು ಅಂಕಿಗಳನ್ನು ಸಾಫ್ಟ್‌ವೇರಿನಲ್ಲಿ ತುಂಬುವಾಗ ಇಸಿಯು ಒಳಗಿನ ಆ ರೆಸಿಸ್ಟರ್, ಅಂದರೆ ಬಯಾಸ್ ರೆಸಿಸ್ಟರ್, ಎಷ್ಟೆಂಬುದನ್ನೂ ಸರಿಯಾಗಿ ಕೊಡಿ; ಬೇರೆ ಇಸಿಯು ಆದರೆ 2,490 ಇರಲೇಬೇಕೆಂದಿಲ್ಲ. ಆಮೇಲೆ ಅಂಕಿಗಳನ್ನು ಚೀಟಿಯಲ್ಲಿ ಬರೆದು ಇಸಿಯು ಡಬ್ಬಿಯ ಒಳಗೆ ಅಂಟಿಸಿ, ಆರು ತಿಂಗಳಿಗೆ ನಿಮಗೇ ಮರೆತಿರುತ್ತದೆ.

ಕೊನೆಗೆ ಗಾಡಿಯನ್ನು ರಾತ್ರಿಯಿಡೀ ನಿಲ್ಲಿಸಿ, ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಕೀ ಮಾತ್ರ ತಿರುಗಿಸಿ ನೋಡಿ. ನೀರಿನದು, ಗಾಳಿಯದು, ಗೋಡೆಗೆ ನೇತುಹಾಕಿದ ಥರ್ಮಾಮೀಟರಿನದು ಮೂರೂ ಹತ್ತಿರ ಹತ್ತಿರ ಇರಬೇಕು. ನಮ್ಮ ಹುಡುಗನದು ಭಾನುವಾರ ಬೆಳಗ್ಗೆ 23, 23, 22 ಅಂತ ಬಂತು. ಪೆಟ್ರೋಲ್ ಕೋಷ್ಟಕದಲ್ಲಿ ಅವನು ಮೂರು ದಿನ ಮಾಡಿದ ತಿದ್ದುಪಡಿಯನ್ನೆಲ್ಲ ಆಮೇಲೆ ಅಳಿಸಬೇಕಾಯಿತು.